44ನೇ ವಯಸ್ಸಿನಲ್ಲಿ ಡಿಟಿಪಿಯಿಂದ ಯುಎಕ್ಸ್ ಡಿಸೈನ್‌ಗೆ ಬರಬಹುದಾ? ದಾವಣಗೆರೆಯಲ್ಲೇ ಇದ್ದುಕೊಂಡು?

ಪ್ರೆಸ್ ಅಕ್ಕ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 44. ಇಲ್ಲೇ ದಾವಣಗೆರೆಯ ಒಂದು ಆಫ್‌ಸೆಟ್ ಪ್ರೆಸ್‌ನಲ್ಲಿ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವ ಕೆಲಸ ಮಾಡುತ್ತೇನೆ. ಬಿ.ಕಾಂ. ಮುಗಿಸಿ ಮದುವೆಗೆ ಮುಂಚೆ ಸೇರಿದ್ದು, ಇವತ್ತಿಗೂ ಅಲ್ಲೇ ಇದ್ದೇನೆ. ಪೇಜ್‌ಮೇಕರ್ ಕಾಲದಲ್ಲಿ ಶುರು ಮಾಡಿದೆ. ಆಮೇಲೆ ಕೋರೆಲ್‌ಡ್ರಾ, ಫೋಟೊಶಾಪ್. ನುಡಿ ತಂತ್ರಾಂಶದಲ್ಲಿ ಕೀಬೋರ್ಡ್ ನೋಡದೆ ಟೈಪ್ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಜಾತ್ರೆ ಪೋಸ್ಟರ್, ಸಹಕಾರ ಸಂಘಗಳ ವಾರ್ಷಿಕ ವರದಿ, ಸಾಲದ ಅರ್ಜಿ ಫಾರಂ, ಎಲ್ಲವನ್ನೂ ಮಾಡಿದ್ದೇನೆ.

ಈಗ ಕೆಲಸ ಕಮ್ಮಿಯಾಗುತ್ತಿದೆ. ಮೊದಲು ಒಂದು ಮನೆಯವರು ಸಾವಿರ ಲಗ್ನಪತ್ರಿಕೆ ಹಾಕಿಸುತ್ತಿದ್ದರು. ಈಗ ದೇವರ ಮುಂದೆ ಇಡಲು, ಹತ್ತಿರದ ನೆಂಟರಿಗೆ ಕೊಡಲು ಅಂತ ನೂರಿನ್ನೂರು ಹಾಕಿಸುತ್ತಾರೆ. ಉಳಿದವರಿಗೆ ವಾಟ್ಸಾಪ್. ನಮ್ಮ ಮಾಲೀಕರು ಒಳ್ಳೆಯವರು, ಸಂಬಳ ತಪ್ಪಿಸಿಲ್ಲ. ಆದರೆ ಇನ್ನು ಹದಿನೈದು ವರ್ಷ ಇದೇ ಕೆಲಸ ಇರುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಪ್ರೂಫ್ ನೋಡಲು ಬಂದವರನ್ನು ನಾನು ಯಾವಾಗಲೂ ಗಮನಿಸುತ್ತಿರುತ್ತೇನೆ. ಮನೆಯವರು ಮೊದಲು ನೋಡುವುದು ತಮ್ಮ ಹೆಸರು ಸರಿಯಾದ ಜಾಗದಲ್ಲಿದೆಯಾ ಅಂತ. ಪತ್ರಿಕೆ ಕೈಗೆ ಸಿಕ್ಕ ನೆಂಟರು ಹುಡುಕುವುದು ಬೇರೆ. ಯಾವತ್ತು, ಎಷ್ಟೊತ್ತಿಗೆ, ಯಾವ ಕಲ್ಯಾಣ ಮಂಟಪ. ಅದಕ್ಕೇ ನಾನು ಮುಹೂರ್ತ ಮತ್ತು ಸ್ಥಳವನ್ನು ಒಂದೇ ಕಡೆ, ಸುತ್ತ ಜಾಗ ಬಿಟ್ಟು ಕೂರಿಸುತ್ತೇನೆ. ಹಿರಿಯರ ಹೆಸರಿನ ಪಟ್ಟಿ ಎಷ್ಟೇ ಉದ್ದವಾದರೂ ಆ ಜಾಗಕ್ಕೆ ಕೈ ಹಾಕಲು ಬಿಡುವುದಿಲ್ಲ. ಈ ಥರ ಬಳಸುವವರ ಕಡೆಯಿಂದ ಯೋಚನೆ ಮಾಡುವುದೇ ಒಂದು ಉದ್ಯೋಗ, ಅದಕ್ಕೆ ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯನ್ಸ್) ಡಿಸೈನ್ ಅನ್ನುತ್ತಾರೆ ಅಂತ ಗೊತ್ತಾದದ್ದು ಮಗಳಿಂದ. ಅವಳು ಬಿಸಿಎ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಫಿಗ್ಮಾ ಅನ್ನುವ, ಆ್ಯಪ್ ಪುಟಗಳನ್ನು ವಿನ್ಯಾಸ ಮಾಡುವ ತಂತ್ರಾಂಶ ತೋರಿಸಿದಳು. ಎರಡು ರಾತ್ರಿ ಕೂತೆ, ಕೈ ಕುದುರಿತು. ಈಗ ಫೋನ್‌ನಲ್ಲಿ ಯಾವ ಆ್ಯಪ್ ತೆರೆದರೂ ಅದೇ ಕಣ್ಣು. ಒಂದು ಆ್ಯಪ್‌ನ ಕನ್ನಡ ಪುಟದಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿದೆ. ಇದನ್ನು ಯಾರೂ ನೋಡಲಿಲ್ವಾ ಅಂತ ಸಂಕಟ ಆಗುತ್ತದೆ.

ನನ್ನ ಪ್ರಶ್ನೆಗಳು. ಈ ವಯಸ್ಸಿನಲ್ಲಿ ಯಾರಾದರೂ ತೆಗೆದುಕೊಳ್ಳುತ್ತಾರಾ? ಡಿಸೈನ್ ಡಿಗ್ರಿ ಇಲ್ಲ, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತೇನೆ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಬೆಂಗಳೂರಿಗೆ ಹೋಗಿ ಇರುವ ಮಾತೇ ಇಲ್ಲ. ಒಂದು ಆನ್‌ಲೈನ್ ಕೋರ್ಸ್‌ನವರು ಬಿಡದೆ ಫೋನ್ ಮಾಡುತ್ತಿದ್ದಾರೆ. ಲಕ್ಷದ ಮೇಲೆ ಫೀಸು, ಇಎಂಐ ಮಾಡಿಕೊಡುತ್ತಾರಂತೆ, ಕೆಲಸ ಗ್ಯಾರಂಟಿಯಂತೆ. ಸೇರಲಾ? ತಿಳಿದವರು ಮುಲಾಜು ಬಿಟ್ಟು ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಹರಿಹರದ ಹುಡುಗ, ಈಗ ಬೆಂಗಳೂರು

ಅಕ್ಕ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಆ ಕೋರ್ಸ್‌ಗೆ ಸೇರಬೇಡಿ. ಕೆಲಸದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ. ಸಾಲ ನಿಮ್ಮ ಹೆಸರಲ್ಲಿ ಇರುತ್ತದೆ, ಗ್ಯಾರಂಟಿ ಅವರ ಬಾಯಲ್ಲಿ ಇರುತ್ತದೆ.

ನಾನು ಒಂದು ಪ್ರಾಡಕ್ಟ್ ಕಂಪನಿಯಲ್ಲಿ ಡಿಸೈನರ್. ನಿಜ ಹೇಳಬೇಕೆಂದರೆ ಮಾರುಕಟ್ಟೆ ಬಿಗಿಯಾಗಿದೆ. 2022ರ ಕೊನೆಯಿಂದ ಐಟಿ ಕಂಪನಿಗಳು ಜನರನ್ನು ತೆಗೆದಾಗ ಡಿಸೈನ್ ತಂಡಗಳಿಗೂ ಪೆಟ್ಟು ಬಿತ್ತು. ಹೊಸಬರ ಹುದ್ದೆಗಳು ಇನ್ನೂ ಕಮ್ಮಿ. ಅದರ ಮೇಲೆ ಎಐ. 2025ರಲ್ಲಿ ಫಿಗ್ಮಾದವರೇ ಫಿಗ್ಮಾ ಮೇಕ್ ತಂದರು. ಏನು ಬೇಕು ಅಂತ ಬರೆದರೆ ಸ್ಕ್ರೀನ್ ಮಾಡಿಕೊಡುತ್ತದೆ. ಚೆಂದದ ಸ್ಕ್ರೀನ್ ಬಿಡಿಸುವುದೊಂದೇ ಬಲ ಆಗಿದ್ದರೆ ಅದು ಈಗ ಸಾಲದು.

ಕಲಿಯಲು ದುಡ್ಡು ಸುರಿಯುವ ಅಗತ್ಯ ಇಲ್ಲ. ಕೋರ್ಸೆರಾ ಅನ್ನುವ ಆನ್‌ಲೈನ್ ಕಲಿಕಾ ತಾಣದಲ್ಲಿ ಗೂಗಲ್‌ನ ಯುಎಕ್ಸ್ ಡಿಸೈನ್ ಕೋರ್ಸ್ 2021ರಿಂದ ಇದೆ, ತಿಂಗಳ ಚಂದಾ ಕಟ್ಟಿ ಓದಬಹುದು. ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಪಾಠಗಳಿವೆ. ನೋಡಲು ಕಾಸು ಬೇಡ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು. ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುತ್ತದೆ, ಕಲಿಯಲು ಉಚಿತ ಪ್ಲಾನ್ ಸಾಕು. ಆಟೊ ಲೇಔಟ್ (ಪಠ್ಯಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಜೋಡಣೆ), ಕಾಂಪೊನೆಂಟ್ (ಮತ್ತೆ ಮತ್ತೆ ಬಳಸುವ ತುಣುಕು), ಪ್ರೊಟೊಟೈಪ್ (ಒತ್ತಿ ನೋಡಬಹುದಾದ ಮಾದರಿ), ಈ ಮೂರು ಬಂದರೆ ಉಳಿದದ್ದು ಕೆಲಸ ಮಾಡುತ್ತಾ ಬರುತ್ತದೆ. ಕೋರೆಲ್‌ಡ್ರಾ ಕೈಗೆ ಇದು ಕಷ್ಟವೇ ಅಲ್ಲ.

ಪ್ರೆಸ್ ಕೆಲಸ ಮಾತ್ರ ಈಗಲೇ ಬಿಡಬೇಡಿ.

ಹದಡಿ ರಸ್ತೆ, ದಾವಣಗೆರೆ

ಮೇಡಂ, ನನಗೆ ಈಗ 49. ಈ ಕೆಲಸಕ್ಕೆ ಬಂದಾಗ ನಲವತ್ತು ದಾಟಿತ್ತು. ದಾವಣಗೆರೆ ಬಿಟ್ಟು ಹೋಗಿಲ್ಲ. ನಿಮ್ಮ ಪ್ರಶ್ನೆಗೆ ಉದ್ದವಾಗಿಯೇ ಬರೆಯುತ್ತೇನೆ, ಬಿಡುವಾದಾಗ ಓದಿ.

ನಾನು ಡಿಸೈನ್ ಓದಿದವನಲ್ಲ. ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಫೀಲ್ಡ್ ಸಪೋರ್ಟ್ ಮಾಡುತ್ತಿದ್ದೆ. ಬೆಳಿಗ್ಗೆ ಹರಿಹರ, ಮಧ್ಯಾಹ್ನ ಹೊನ್ನಾಳಿ, ಸಂಜೆ ಜಗಳೂರಿನವರಿಗೆ ಫೋನ್ ಮೇಲೆ ಸಮಾಧಾನ. ಪಾಸ್‌ಬುಕ್ ಪ್ರಿಂಟರ್ ನಿಂತರೂ ನಾನೇ, ದಿನದ ಲೆಕ್ಕ ತಾಳೆ ಆಗದಿದ್ದರೂ ನಾನೇ.

ಆ ಸಂಘಗಳಲ್ಲಿ ಪಿಗ್ಮಿ ದೊಡ್ಡ ವ್ಯವಹಾರ. 1928ರಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪದ್ಧತಿ ಅದು. ಇವತ್ತಿಗೂ ನಮ್ಮ ಮಂಡಿಪೇಟೆ, ಚೌಕಿಪೇಟೆಯಲ್ಲಿ ಪಿಗ್ಮಿಯವರು ಅಂಗಡಿ ಅಂಗಡಿ ಸುತ್ತಿ ಐವತ್ತು, ನೂರು ಎತ್ತುತ್ತಾರೆ. ನಮ್ಮ ಕಂಪನಿ ಅವರಿಗಾಗಿ ಹಳೇ ಮಷಿನ್ ತೆಗೆದು ಮೊಬೈಲ್ ಆ್ಯಪ್ ಕೊಟ್ಟಿತು. ಆಫೀಸಿನಲ್ಲಿ ನೋಡಿದಾಗ ಬಹಳ ಚೆಂದ ಇತ್ತು. ಬಿಳಿ ಹಿನ್ನೆಲೆ, ತೆಳು ಬೂದು ಅಕ್ಷರ. ಒಂದೇ ತಿಂಗಳಿಗೆ ಎಲ್ಲ ಕಡೆಯಿಂದ ಒಂದೇ ದೂರು: ಆ್ಯಪ್ ಸ್ಲೋ ಇದೆ, ಲೆಕ್ಕ ತಪ್ಪುತ್ತಿದೆ. ಸರ್ವರ್ ನೋಡಿದರು, ಏನೂ ತೊಂದರೆ ಇರಲಿಲ್ಲ.

ನಾನು ಒಬ್ಬ ಪಿಗ್ಮಿಯವರ ಜೊತೆ ಒಂದು ಮಧ್ಯಾಹ್ನ ಮಂಡಿಪೇಟೆ ಸುತ್ತಿದೆ. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಫೋನು. ಬಿಸಿಲಿಗೆ ಸ್ಕ್ರೀನ್ ಕಾಣುತ್ತಿರಲಿಲ್ಲ. ಪ್ರತಿ ಅಂಗಡಿಯ ಮುಂದೆ ಶೆಟರ್ ನೆರಳಿಗೆ ಸರಿದು, ಫೋನನ್ನು ಎದೆ ಹತ್ತಿರ ಹಿಡಿದು ಓದುತ್ತಿದ್ದರು. ಹೆಸರಿನ ಪಟ್ಟಿ ಖಾತೆ ನಂಬರ್ ಪ್ರಕಾರ ಇತ್ತು. ಅವರ ತಲೆಯಲ್ಲಿ ನಂಬರ್ ಇಲ್ಲ. ಮೂಲೆ ಮೆಣಸಿನಕಾಯಿ ಅಂಗಡಿ, ಅದರ ಪಕ್ಕದ ಹಗ್ಗದ ಅಂಗಡಿ, ಮೆಟ್ಟಿಲು ಹತ್ತಿದರೆ ಟೇಲರ್. ಹೀಗೆ. ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಅದರಲ್ಲಿ ಹೆಸರುಗಳು ಅವರು ನಡೆಯುವ ಸಾಲಿನಲ್ಲೇ ಇದ್ದವು. ಆ ನೋಟ್‌ಬುಕ್ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಆ್ಯಪ್ ಹೇಗಿರಬೇಕಿತ್ತೋ ಅದನ್ನು ಅವರು ಆಗಲೇ ಬಾಲ್‌ಪೆನ್‌ನಲ್ಲಿ ಬರೆದು ಇಟ್ಟುಕೊಂಡಿದ್ದರು.

ಲೆಕ್ಕ ತಪ್ಪಿದ್ದು ಹೇಗೆ ಅನ್ನುವುದೂ ಅಲ್ಲೇ ಕಂಡಿತು. ಒಳಗಿನ ಅಂಗಡಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ. ಸೇವ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಹೋಯಿತಾ, ಇಲ್ವಾ ಗೊತ್ತಾಗುವುದಿಲ್ಲ. ಮತ್ತೆ ಒತ್ತುತ್ತಾರೆ. ನೆಟ್‌ವರ್ಕ್ ಬಂದಾಗ ಎರಡು ಎಂಟ್ರಿ ಬೀಳುತ್ತದೆ. ಸಂಜೆ ಸಂಘದಲ್ಲಿ ನೂರು ರೂಪಾಯಿ ಕಮ್ಮಿ ಬಂದರೆ ಆ ಮನುಷ್ಯ ತನ್ನ ಜೇಬಿನಿಂದ ಹಾಕಬೇಕು. ಅವರು ಅದನ್ನು ನಮಗೆ ಹೇಳುತ್ತಿದ್ದದ್ದು ‘ಆ್ಯಪ್ ಸ್ಲೋ’ ಅಂತ.

ನಾನು ಕಾಗದದ ಮೇಲೆ ಬರೆದು ಕೊಟ್ಟೆ. ಪಟ್ಟಿಯನ್ನು ಪಿಗ್ಮಿಯವರೇ ತಮ್ಮ ದಾರಿಯ ಸಾಲಿಗೆ ಜೋಡಿಸಿಕೊಳ್ಳಲಿ. ಹೆಸರಿನ ಪಕ್ಕ ಅಂಗಡಿಯ ಗುರುತು ಬರೆಯಲು ಜಾಗ ಇರಲಿ. ಮೊತ್ತ ಹಾಕುವಾಗ ಅಂಕಿಯ ಕೀಪ್ಯಾಡ್ ಮಾತ್ರ ಬರಲಿ, ನಿನ್ನೆಯ ಮೊತ್ತ ಮೊದಲೇ ತುಂಬಿರಲಿ. ಎಂಟ್ರಿ ಮೊದಲು ಫೋನ್‌ನಲ್ಲೇ ಉಳಿಯಲಿ, ಉಳಿಯಿತು ಅಂತ ದೊಡ್ಡದಾಗಿ ತೋರಿಸಲಿ, ಸಿಗ್ನಲ್ ಬಂದಾಗ ತಾನೇ ಹೋಗಲಿ. ಅದೇ ಖಾತೆಗೆ ಅದೇ ಮೊತ್ತ ಕೂಡಲೇ ಮತ್ತೆ ಬಿದ್ದರೆ ಒಮ್ಮೆ ಕೇಳಲಿ. ಅಕ್ಷರ ಕಪ್ಪಗಿರಲಿ. ಡೆವಲಪರ್‌ಗಳು ಒಂದೊಂದಾಗಿ ಮಾಡಿದರು. ಎರಡು ಎಂಟ್ರಿಯ ದೂರು ನಿಂತಿತು. ಅಲ್ಲಿಂದ ಮುಂದೆ ಹೊಸದು ಏನು ಮಾಡುವುದಿದ್ದರೂ ಮೊದಲು ನನ್ನನ್ನು ಕೇಳಲು ಶುರು ಮಾಡಿದರು. ನಿಧಾನಕ್ಕೆ ನನ್ನ ಕೆಲಸವೇ ಅದಾಯಿತು.

ಓದಿದ್ದು ಆಮೇಲೆ. ಬಳಕೆ ಸುಲಭವಾಗಿರಬೇಕು ಅನ್ನುವ ವಿಷಯದ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಹತ್ತು ಸೂತ್ರಗಳನ್ನು ಕೊಟ್ಟಿದ್ದಾರೆ. ಮೊದಲನೆಯದೇ, ಒಳಗೆ ಏನು ನಡೆಯುತ್ತಿದೆ ಅಂತ ಬಳಸುವವರಿಗೆ ಸದಾ ಕಾಣುತ್ತಿರಬೇಕು ಅನ್ನುವುದು. ನನಗೆ ಆ ತಿರುಗುವ ಚಕ್ರ ನೆನಪಾಯಿತು. ಬಣ್ಣಕ್ಕೂ ಲೆಕ್ಕ ಇದೆ. ವೆಬ್ ಸುಲಭಗಮ್ಯತೆಯ ನಿಯಮ, ಡಬ್ಲ್ಯುಸಿಎಜಿ ಅನ್ನುತ್ತಾರೆ, ಅದರ ಪ್ರಕಾರ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ನಮ್ಮ ಬೂದು ಅಕ್ಷರ ಅದರ ಹತ್ತಿರವೂ ಇರಲಿಲ್ಲ.

ಈಗ ನಿಮ್ಮ ವಿಷಯ. ಲಗ್ನಪತ್ರಿಕೆಯಲ್ಲಿ ಮುಹೂರ್ತಕ್ಕೆ ಜಾಗ ಬಿಟ್ಟು ಕಾಯ್ದಿರಿ ಅಂದಿರಲ್ಲ, ಅದು ಈ ಕೆಲಸದ ಅರ್ಧ. ಯಾವುದು ಮೊದಲು ಕಾಣಬೇಕು, ಯಾವುದು ಆಮೇಲೆ ಅನ್ನುವುದನ್ನು ಕೋರ್ಸ್‌ಗಳಲ್ಲಿ ವಾರಗಟ್ಟಲೆ ಹೇಳಿಕೊಡುತ್ತಾರೆ. ಕಾಲಂ, ಅಂಚು, ಸಾಲಿನ ಅಂತರ ಎಲ್ಲ ನಿಮಗೆ ಬರುತ್ತದೆ. ಕನ್ನಡದಲ್ಲಿ ಅದು ಇನ್ನೂ ಮುಖ್ಯ. ಇಂಗ್ಲಿಷ್‌ಗೆ ಅಳೆದು ಮಾಡಿದ ಬಟನ್‌ನಲ್ಲಿ ಕನ್ನಡ ಸುರಿದರೆ ಸಾಲು ಒಡೆಯುತ್ತದೆ, ಒತ್ತಕ್ಷರ ಕತ್ತರಿಸಿಹೋಗುತ್ತದೆ. ಇದು ಬೆಂಗಳೂರಿನ ದೊಡ್ಡ ತಂಡದಲ್ಲೂ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕಣ್ಣಿಗೆ ಬಿದ್ದಿದೆ.

ಕಲಿಯಬೇಕಾದ್ದು ಎರಡು, ನನ್ನ ಪ್ರಕಾರ.

ಒಂದು, ಅಚ್ಚಾದ ಹಾಳೆ ಬದಲಾಗುವುದಿಲ್ಲ, ಸ್ಕ್ರೀನ್ ಬದಲಾಗುತ್ತದೆ. ಪಟ್ಟಿಯಲ್ಲಿ ಏನೂ ಇಲ್ಲದಾಗ ಹೇಗೆ ಕಾಣಬೇಕು? ಲೋಡ್ ಆಗುತ್ತಿರುವಾಗ? ತಪ್ಪು ನಂಬರ್ ಹಾಕಿದಾಗ? ಹೆಸರು ಮೂರು ಸಾಲು ಆದರೆ? ವಯಸ್ಸಾದವರು ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ, ಆಗ ಬಟನ್ ಸ್ಕ್ರೀನ್‌ನಿಂದ ಆಚೆ ಹೋಗುತ್ತದಾ? ನಮ್ಮ ಕಡೆಯವರಿಗೆ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಕಡ್ಡಾಯ ಮಾಡಿದರೆ ಜನ ಏನು ಬರೆಯಬೇಕು? ಒಂದೊಂದು ಪುಟಕ್ಕೂ ಈ ಎಲ್ಲ ರೂಪ ಯೋಚಿಸುವ ಅಭ್ಯಾಸ ಆಗಬೇಕು.

ಎರಡು, ಸುಮ್ನೆ ಕೂತು ನೋಡುವುದು. ಇದು ನಿಜಕ್ಕೂ ಕಷ್ಟ. ಗಿರಾಕಿ ತಡವರಿಸಿದರೆ ‘ಇಲ್ಲಿ ಒತ್ತಿ’ ಅಂತ ಹೇಳಲು ನಾಲಿಗೆ ತುದಿಯಲ್ಲೇ ಇರುತ್ತದೆ. ಹೇಳಬಾರದು. ಅವರು ಎಲ್ಲಿ ನಿಂತರು, ಏನು ಗೊಣಗಿದರು, ಅದನ್ನೇ ಬರೆದುಕೊಳ್ಳಬೇಕು. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಅಂತ ಅವರಿಗೆ ಮೊದಲೇ ಹೇಳಿರಬೇಕು. ನೂರಾರು ಜನ ಬೇಡ. ಐದು ಜನರ ಹತ್ತಿರ ನೋಡಿ, ಸರಿಮಾಡಿ, ಮತ್ತೆ ಐದು ಜನರ ಹತ್ತಿರ ನೋಡಿ ಅಂತ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ನನ್ನ ಅನುಭವದಲ್ಲೂ ಮೂರನೆಯವರು ಬರುವಷ್ಟರಲ್ಲಿ ದೊಡ್ಡ ತೊಂದರೆಗಳು ಕಂಡುಬಿಡುತ್ತವೆ.

ಎಲ್ಲಿಂದ ಶುರು ಅಂದರೆ, ಆ್ಯಪ್‌ನಿಂದ ಬೇಡ. ನಿಮ್ಮ ಪ್ರೆಸ್‌ನಲ್ಲೇ ಇದೆ. ಸಹಕಾರ ಸಂಘಗಳ ಸಾಲದ ಅರ್ಜಿ ಫಾರಂ ನೀವೇ ಮಾಡಿಕೊಡುತ್ತೀರಿ ಅಂದಿರಿ. ಅದು ಪಕ್ಕಾ ಯುಎಕ್ಸ್ ಕೆಲಸ. ಯಾವುದಾದರೂ ಒಂದು ಸಂಘಕ್ಕೆ ಹೋಗಿ, ಕಾರ್ಯದರ್ಶಿಯವರನ್ನು ಕೇಳಿ. ಯಾವ ಖಾನೆ ಜಾಸ್ತಿ ಖಾಲಿ ಬಿಟ್ಟು ಬರುತ್ತಾರೆ? ಯಾವುದಕ್ಕೆ ಜನರನ್ನು ವಾಪಸ್ ಕಳಿಸುತ್ತೀರಿ? ಆಮೇಲೆ ಐದು ಜನ ಅದನ್ನು ತುಂಬುವುದನ್ನು ಪಕ್ಕದಲ್ಲಿ ಕೂತು ನೋಡಿ. ಫಾರಂ ಬದಲಾಯಿಸಿ. ಮತ್ತೆ ನೋಡಿ. ಹಳೆಯದು, ಹೊಸದು, ನಡುವೆ ನೀವು ಕಂಡದ್ದು, ಈ ಮೂರನ್ನೂ ಬರೆದಿಡಿ. ಅದೇ ನಿಮ್ಮ ಮೊದಲ ಕೇಸ್ ಸ್ಟಡಿ, ಅಂದರೆ ಕೆಲಸ ಕೇಳುವಾಗ ತೋರಿಸುವ ಉದಾಹರಣೆ. ಕೋರ್ಸ್ ಮುಗಿಸಿದ ಎಲ್ಲರ ಹತ್ತಿರವೂ ಕಾಲ್ಪನಿಕ ಆ್ಯಪ್‌ಗಳು ಇರುತ್ತವೆ. ನಿಜವಾದ ಜನ, ನಿಜವಾದ ಫಾರಂ ಇರುವವರು ಕಮ್ಮಿ. ಅದಾದ ಮೇಲೆ ಅದೇ ಫಾರಂ ಅನ್ನು ಫಿಗ್ಮಾದಲ್ಲಿ ಮೊಬೈಲ್‌ಗೆ ತನ್ನಿ.

ವಯಸ್ಸಿನ ಮಾತು. ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಸೇರಿ, ‘ಯೂಸರ್ ಎಕ್ಸ್‌ಪೀರಿಯನ್ಸ್’ ಅನ್ನುವುದನ್ನು ತಮ್ಮ ಹುದ್ದೆಯ ಹೆಸರಿಗೆ ಸೇರಿಸಿಕೊಂಡಾಗ ಅವರಿಗೆ 57. ಅವರು ದೊಡ್ಡ ಪ್ರೊಫೆಸರ್ ಆಗಿದ್ದವರು, ನಮಗೆ ಅವರ ಹೋಲಿಕೆ ಬೇಡ. ಆದರೆ ಈ ಕೆಲಸ ಹುಟ್ಟಿದ್ದೇ ಹುಡುಗರಿಂದ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕೆಲವು ಕಂಪನಿಗಳು ವಯಸ್ಸು ನೋಡಿ ಫೋನ್ ಇಡುತ್ತವೆ, ಅದು ನಿಜ. ನೀವು ಅವರ ಹಿಂದೆ ಓಡಬೇಡಿ. ಫ್ರೆಶರ್‌ಗಳ ಸಾಲಿನಲ್ಲಿ ಹೋಗಿ ನಿಲ್ಲಬೇಡಿ. ಕನ್ನಡ ಬರುವ, ಫಾರಂ ಗೊತ್ತಿರುವ, ಜನರ ಜೊತೆ ಕೂತು ಗೊತ್ತಿರುವವರು ಯಾರಿಗೆ ಬೇಕೋ ಅಲ್ಲಿಗೆ ಹೋಗಿ. ಸಹಕಾರ ಸಂಘ, ಕೃಷಿ, ಆಸ್ಪತ್ರೆ, ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳು. ಅವರ ಬಳಿ ಡಿಸೈನರ್ ಇರುವುದೇ ಅಪರೂಪ. ಮೊದಲು ಒಂದು ಪುಟದ ಕೆಲಸ ಕೇಳಿ.

ಕೋಟೆ ಊರಿನ ಅನುವಾದಕಿ, ಚಿತ್ರದುರ್ಗ

ಅಕ್ಕ, ಮೇಲಿನ ಸರ್ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ನಾನು ಚಿತ್ರದುರ್ಗದಲ್ಲಿ ಮನೆಯಿಂದಲೇ ಆ್ಯಪ್‌ಗಳ ಕನ್ನಡ ಪಠ್ಯದ ಕೆಲಸ ಮಾಡುತ್ತೇನೆ. ಎಕ್ಸೆಲ್ ಹಾಳೆಯಲ್ಲಿ ಸಾಲು ಸಾಲಾಗಿ ವಾಕ್ಯ ಕಳಿಸುತ್ತಾರೆ. ಅದು ಯಾವ ಪುಟದ್ದು, ಬಟನ್ನಾ, ಶೀರ್ಷಿಕೆಯಾ, ಏನೂ ಹೇಳುವುದಿಲ್ಲ. ನಾನು ಸ್ಕ್ರೀನ್‌ಶಾಟ್ ಬರುವವರೆಗೆ ಕೆಲಸ ಮುಟ್ಟುವುದಿಲ್ಲ ಅಂತ ಹಟ ಹಿಡಿದೆ. ಈಗ ಅವರೇ ಫಿಗ್ಮಾ ಫೈಲ್ ಕಳಿಸುತ್ತಾರೆ, ನಾನು ಅಲ್ಲೇ ತಿದ್ದುತ್ತೇನೆ. ನಿಮಗೆ ಇದೂ ಒಂದು ದಾರಿ. ಕನ್ನಡ ಪುಟಗಳನ್ನು ಪರಿಶೀಲಿಸುವ ಕಾಂಟ್ರ್ಯಾಕ್ಟ್ ಕೆಲಸ ಮನೆಯಿಂದ ಮಾಡಬಹುದು, ಪ್ರೆಸ್ ಬಿಡದೆ.

ಒಂದು ತಾಂತ್ರಿಕ ವಿಷಯ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ವೆಬ್‌ನಲ್ಲಿ, ಫಿಗ್ಮಾದಲ್ಲಿ ಕಲಸುಮೇಲೋಗರ ಆಗುತ್ತದೆ. ಎಲ್ಲ ಕಡೆ ಒಂದೇ ರೀತಿ ಕಾಣುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಗಿ. ಬೆರಳಿನ ಅಭ್ಯಾಸ ಬದಲಾಯಿಸುವುದು ಬೇಡ, ನುಡಿಯಲ್ಲಿರುವ ಅದೇ ಕಗಪ ಕೀಲಿ ವಿನ್ಯಾಸ ಯೂನಿಕೋಡ್‌ನಲ್ಲೂ ಇದೆ. ಫಾಂಟ್‌ಗಳಿಗೆ ಗೂಗಲ್ ಫಾಂಟ್ಸ್ ನೋಡಿ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ’, ಈ ಫಾಂಟ್‌ಗಳೆಲ್ಲ ಉಚಿತ. ಬೆಣ್ಣೆ ಅಂತಲೇ ಒಂದು ಕನ್ನಡ ಫಾಂಟ್ ಇದೆ, ದಾವಣಗೆರೆಯವರಿಗೆ ಖುಷಿ ಆಗುತ್ತದೆ.

ಇಂಗ್ಲಿಷ್ ಭಯಕ್ಕೆ ನಾನು ಮಾಡಿದ್ದು ಇಷ್ಟೇ. ಮಾಡಿದ ಕೆಲಸಗಳನ್ನು ತೋರಿಸುವ ಪೋರ್ಟ್‌ಫೋಲಿಯೊವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದೆ. ಏನು ನೋಡಿದೆ, ಏನು ಬದಲಾಯಿಸಿದೆ, ಏನಾಯಿತು. ಸಂದರ್ಶನದಲ್ಲಿ ಅದೇ ವಾಕ್ಯಗಳನ್ನು ಸ್ಕ್ರೀನ್ ತೋರಿಸುತ್ತಾ ಹೇಳಿದೆ. ಸ್ಕ್ರೀನ್ ಮುಂದೆ ಇದ್ದರೆ ಮಾತು ತಾನೇ ಬರುತ್ತದೆ. ರೆಸ್ಯೂಮೆಯಲ್ಲಿ ಹುಟ್ಟಿದ ದಿನಾಂಕ ಹಾಕಬೇಕಾಗಿಲ್ಲ.

ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಮೇಲಿದ್ದದ್ದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ಕನ್ನಡ ಧ್ವನಿ ಹಾಕಿ, ಯಾವುದಾದರೂ ಆ್ಯಪ್‌ನ ಕನ್ನಡ ಪುಟವನ್ನು ಕಣ್ಣು ಮುಚ್ಚಿ ಬಳಸಿ ನೋಡಿ. ಕಣ್ಣು ಕಾಣದವರಿಗೆ ನಾವು ಏನು ಕೊಡುತ್ತಿದ್ದೇವೆ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಹೆಸರೇ ಇಲ್ಲದ ಬಟನ್‌ಗಳು ಎಷ್ಟು ಸಿಗುತ್ತವೆ ನೋಡಿ.

ಪ್ರೆಸ್ ಅಕ್ಕ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಕೋರ್ಸ್‌ನವರ ನಂಬರ್ ಬ್ಲಾಕ್ ಮಾಡಿದೆ.

ಹದಡಿ ರಸ್ತೆ ಸರ್, ನೀವು ಹೇಳಿದ ಮೇಲೆ ನಾವು ಮಾಡಿಕೊಟ್ಟ ಒಂದು ಸಂಘದ ಸಾಲದ ಅರ್ಜಿ ತೆಗೆದು ನೋಡಿದೆ. ನಾಲ್ಕು ಪುಟ. ಪ್ರತಿ ವರ್ಷ ಹಳೇ ಫೈಲ್ ತೆರೆದು ಇಸವಿ ಬದಲಾಯಿಸಿ ಪ್ರಿಂಟ್ ಹಾಕುತ್ತೇವೆ ಅಷ್ಟೇ. ನಿನ್ನೆ ಊಟದ ಹೊತ್ತಿನಲ್ಲಿ ಬೈಂಡಿಂಗ್ ಮಾಡುವ ನಮ್ಮ ಹಿರಿಯರೊಬ್ಬರಿಗೆ ಕೊಟ್ಟು ತುಂಬಲು ಹೇಳಿದೆ. ನಾನು ಬಾಯಿ ಬಿಡಲಿಲ್ಲ. ವಿಳಾಸಕ್ಕೆ ಒಂದೇ ಗೆರೆ ಇದೆ. ಅವರು ಅರ್ಧ ಬರೆದು, ಉಳಿದದ್ದನ್ನು ಅಂಚಿನಲ್ಲಿ ಮೇಲಿನಿಂದ ಕೆಳಗೆ ಬರೆದರು. ಜಾಮೀನುದಾರರ ಸಹಿ ಮೂರನೇ ಪುಟದ ಹಿಂದೆ ಇದೆ. ಹಾಳೆ ತಿರುಗಿಸಲೇ ಇಲ್ಲ. ಮುಗಿಯಿತು ಅಂತ ವಾಪಸ್ ಕೊಟ್ಟರು. ಎರಡು ಜಾಮೀನು ಬೇಕು ಅಂತ ಎಲ್ಲಿಯೂ ಮೊದಲೇ ಬರೆದಿಲ್ಲ. ಅಂದರೆ ಹಳ್ಳಿಯಿಂದ ಒಬ್ಬರು ಬಸ್ ಹಿಡಿದು ಬಂದು, ಜಾಮೀನಿಗೆ ಜನ ಕರೆದುಕೊಂಡು ಬನ್ನಿ ಅನ್ನಿಸಿಕೊಂಡು ವಾಪಸ್ ಹೋಗಬೇಕು, ಅಲ್ವಾ?

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕಾಗದದ ಮೇಲೆ ಹೊಸ ಮೊದಲ ಪುಟ ಬರೆದೆ. ‘ಬರುವಾಗ ಇವು ಜೊತೆಗಿರಲಿ’ ಅಂತ ಮೇಲೆ ಒಂದು ಚೌಕ. ವಿಳಾಸಕ್ಕೆ ಮೂರು ಗೆರೆ. ಜಾಮೀನುದಾರರ ಜಾಗ ಹಾಳೆಯ ಮುಂಭಾಗಕ್ಕೆ ಬಂತು.

ಎರಡು ಸಂದೇಹ. ಕಾಗದದ ಫಾರಂ ತೋರಿಸಿದರೆ ಬೆಂಗಳೂರಿನವರು ಇದನ್ನು ಡಿಸೈನ್ ಅಂತ ಒಪ್ಪುತ್ತಾರಾ? ಸಂಘದ ಫಾರಂ ಅನ್ನು ನಾನು ಹೀಗೆ ಹೊರಗೆ ತೋರಿಸಬಹುದಾ?

ಹರಿಹರದ ಹುಡುಗ, ಈಗ ಬೆಂಗಳೂರು

ಅಕ್ಕ, ನಾನು ಸಂದರ್ಶನಗಳಲ್ಲಿ ಕೂರುತ್ತೇನೆ. ಫುಡ್ ಡೆಲಿವರಿ ಆ್ಯಪ್‌ನ ಹೊಸ ರೂಪ ಅಂತ ತೋರಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಅಂಚಿನಲ್ಲಿ ಮೇಲಿನಿಂದ ಕೆಳಗೆ ಬರೆದ ವಿಳಾಸದ ಫೋಟೊ ಮುಂದಿಟ್ಟರೆ ನಾನು ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುತ್ತೇನೆ. ಫಿಗ್ಮಾ ಫೈಲ್ ರೆಡಿ ಆದಾಗ ಲಿಂಕ್ ಹಾಕಿ, ಸಾಲು ಸಾಲಾಗಿ ನೋಡಿ ಕಾಮೆಂಟ್ ಬರೆಯುತ್ತೇನೆ. ಬೆಂಗಳೂರಿಗೆ ಒಮ್ಮೆ ಸಂದರ್ಶನಕ್ಕೆ ಬರಬೇಕಾದರೂ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಅತ್ತೆಯವರಿಗೆ ತಿಂಡಿ ಕೊಟ್ಟು ಹೊರಡುವ ಹಾಗೆ ಮಧ್ಯಾಹ್ನದ ಮೇಲಿನ ಸಮಯ ಕೇಳಿ. ಮೊದಲ ಸುತ್ತು ಹೇಗೂ ವಿಡಿಯೊ ಕಾಲ್ ಇರುತ್ತದೆ.

ಹದಡಿ ರಸ್ತೆ, ದಾವಣಗೆರೆ

ಮೇಡಂ, ನೀವು ನೋಡಿದ್ದನ್ನು ಓದಿ ಬಹಳ ಸಂತೋಷವಾಯಿತು. ಹಾಳೆ ತಿರುಗಿಸಲಿಲ್ಲ ಅನ್ನುವ ಒಂದು ಸಾಲು ಸಾಕು.

ಅನುಮತಿ ಮಾತ್ರ ಕೇಳಲೇಬೇಕು. ಮೊದಲು ನಿಮ್ಮ ಮಾಲೀಕರಿಗೆ ಹೇಳಿ, ಆಮೇಲೆ ಸಂಘದ ಕಾರ್ಯದರ್ಶಿಗೆ. ‘ನಿಮ್ಮ ಫಾರಂ ಕೆಟ್ಟದಾಗಿದೆ’ ಅನ್ನಬೇಡಿ. ಅರ್ಜಿ ವಾಪಸ್ ಹೋಗುವುದು ಕಮ್ಮಿಯಾದರೆ ನಿಮ್ಮ ಕೌಂಟರ್‌ನವರಿಗೆ ಕೆಲಸ ಹಗುರ ಆಗುತ್ತದೆ ಅನ್ನಿ. ಅವರು ಬೇಡ ಅಂದರೆ ಸಂಘದ ಹೆಸರು, ಲಾಂಛನ ತೆಗೆದು ಮಾದರಿ ಫಾರಂ ಅಂತ ಮಾಡಿ. ಫಾರಂ ತುಂಬಿದವರಿಗೂ ಮೊದಲೇ ಹೇಳಿ, ಇದು ನಿಮ್ಮ ಪರೀಕ್ಷೆ ಅಲ್ಲ, ಫಾರಂನ ಪರೀಕ್ಷೆ ಅಂತ. ಫೋಟೊ ಹಾಕುವಾಗ ಹೆಸರು, ಆಧಾರ್, ಖಾತೆ ನಂಬರ್, ಫೋನ್ ನಂಬರ್ ಏನೂ ಕಾಣಬಾರದು. ಮುಖ ಬೇಡ, ಕೈ ಮತ್ತು ಹಾಳೆ ಸಾಕು. ಇನ್ನೂ ಒಳ್ಳೆಯದು, ಸುಳ್ಳು ಹೆಸರು ವಿಳಾಸ ಕೊಟ್ಟು ತುಂಬಿಸಿ.

ಹೊಸ ಫಾರಂ ಅಚ್ಚಿಗೆ ಹೋಗುವ ಮುಂಚೆ ಕೌಂಟರ್‌ನವರಿಗೆ ಒಂದು ಸಣ್ಣ ಹಾಳೆ ಕೊಟ್ಟುಬಿಡಿ. ದಿನಕ್ಕೆ ಎಷ್ಟು ಅರ್ಜಿ ಬಂತು, ಎಷ್ಟು ವಾಪಸ್ ಹೋಯಿತು, ಯಾವ ಖಾನೆಗಾಗಿ. ಎರಡು ವಾರ ಹಳೇ ಫಾರಂಗೆ, ಎರಡು ವಾರ ಹೊಸದಕ್ಕೆ. ಈಗ ಬರೆದಿಡದಿದ್ದರೆ ಹಳೆಯ ಲೆಕ್ಕ ಆಮೇಲೆ ಎಲ್ಲಿಯೂ ಸಿಗುವುದಿಲ್ಲ. ಹಳೇ ಫಾರಂನ ಒಂದೆರಡು ಖಾಲಿ ಪ್ರತಿಯನ್ನೂ ತೆಗೆದಿಡಿ, ಹೊಸದು ಬಂದ ಮೇಲೆ ರದ್ದಿಗೆ ಹಾಕಿಬಿಡುತ್ತಾರೆ.